ಮುಂದಿನದು ಮೇಲೆ

"ನಿಮ್ಮ ಮಾವ ಮಾಡಿದ ಕೆಲಸ ತಪ್ಪು ಅಂತ ಮಾತ್ರ ಅವರ ಮುಖಕ್ಕೆ ಯಾವತ್ತೂ ಹೇಳಬೇಡ. ಬೇರೆ ಏನಾದ್ರೂ ಅನ್ನು, ನನ್ನ ಅಡ್ಡಿ ಇಲ್ಲ."

ಒಂಬತ್ತು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಅತ್ತೆ, ಸೊಸೆಯ ಮಣಿಕಟ್ಟು ಹಿಡಿದು ಹೀಗೆ ಕೇಳಿದ್ದರು. ನೋಡಲು ಬಂದವರು ಹೊರಡಿ ಎಂದು ನರ್ಸು ಆಗಲೇ ಎರಡು ಸಲ ಬಾಗಿಲು ಬಡಿದಿದ್ದಳು. ಸೊಸೆಗೆ ಬಸ್ಸಿನ ಚಿಂತೆ, ಮನೆಯಲ್ಲಿ ಅರ್ಧ ಹೊಲಿದು ಬಂದಿದ್ದ ಪ್ಯಾಂಟುಗಳ ಚಿಂತೆ. "ಆಯ್ತತ್ತೆ" ಅಂದಳು. ಮುದುಕಿ ಅಷ್ಟಕ್ಕೆ ಕೈ ಬಿಡಲಿಲ್ಲ. "ಆಯ್ತು ಗೀಯ್ತು ಬೇಡ. ಮಾತು ಕೊಡು" ಅಂದರು. ಕೊಟ್ಟಳು.

ಅತ್ತೆ ನಲವತ್ತು ವರ್ಷ ಸಂಸಾರ ಮಾಡಿದ್ದೇ ಹಾಗೆ. ಗಂಡ ನಲ್ಲಿ ಕೂರಿಸಿ ಲಾರಿ ಹತ್ತಿ ಹೋದ ಮೇಲೆ ಪ್ಲಂಬರನ್ನು ಕರೆದು ಅದೇ ನಲ್ಲಿಯನ್ನು ಮತ್ತೆ ಕೂರಿಸುವುದು. ಗಂಡ ವಾಪಸು ಬಂದಾಗ, "ನೀವು ಕೂರಿಸಿದ್ದು ನೋಡಿ, ಒಂದು ತೊಟ್ಟು ಸೋರಿಲ್ಲ" ಅನ್ನುವುದು. ಆತನೂ ಮೀಸೆ ಸವರಿಕೊಂಡು ನಂಬುವುದು. ಅಡುಗೆಮನೆಯ ಪಾತ್ರೆಗಳ ಜೊತೆಗೆ ಈ ಪದ್ಧತಿಯೂ ಸೊಸೆಯ ಪಾಲಿಗೆ ಬಂತು. ಮಾವ "ಆರಿಸಿ ತಂದೆ" ಎಂದು ಸುರಿದ ಈರುಳ್ಳಿಯಲ್ಲಿ ಅರ್ಧ ಕೊಳೆತಿದ್ದರೆ, ಅದನ್ನು ಮನೆಯ ಬುಟ್ಟಿಗೆ ಹಾಕದೆ ಬೀದಿಯ ತಿರುವಿನವರೆಗೆ ಹೊತ್ತು ಹೋಗಿ ಎಸೆಯುತ್ತಿದ್ದಳು. ಬಚ್ಚಲುಮನೆಯ ಚಿಲಕವನ್ನು ಅವರು ತಲೆಕೆಳಗಾಗಿ ಜಡಿದಿದ್ದರು. ಮನೆಯವರು ಅದನ್ನು ಹಾಗೇ ತೆಗೆಯಲು ಕಲಿತರು. ಬಂದ ನೆಂಟರು ಒಳಗೆ ಸಿಕ್ಕಿಹಾಕಿಕೊಂಡು ಕೂಗಿದಾಗ, "ಮೇಲಕ್ಕೆ ತಳ್ಳಿ, ಮೇಲಕ್ಕೆ!" ಎಂದು ಹೊರಗಿನಿಂದ ಹೇಳುತ್ತಿದ್ದರು.

ಸೊಸೆಯನ್ನು ಬೀದಿಯವರು ಟೈಲರಮ್ಮ ಅನ್ನುತ್ತಿದ್ದರು. ಮಾವನನ್ನು ಲಾರಿ ಯಜಮಾನರು ಅನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದ ಅವರ ಹೆಸರಿನಲ್ಲಿ ಒಂದು ಚಕ್ರವೂ ಇರಲಿಲ್ಲ. ಆದರೂ ಆ ಹೆಸರಿನಲ್ಲಿ ಬೀದಿಯವರು ಬೆರೆಸಿದ್ದ ನಗೆ ಅವರಿಗೆ ಇವತ್ತಿನವರೆಗೂ ತಿಳಿದಿಲ್ಲ. ಟೈಲರಮ್ಮನ ಗಂಡ ಏಳು ಮಹಡಿಯ ಒಂದು ಕಚೇರಿಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಹತ್ತಿದವರನ್ನು ಅವರು ಹೇಳಿದ ಮಹಡಿಗೆ ಬಿಡುವುದು ಅವನ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತಿದ್ದ. ಅಪ್ಪ ಮಾತಾಡಿದರೆ ಅಪ್ಪನ ಮಹಡಿ, ಹೆಂಡತಿ ಮಾತಾಡಿದರೆ ಹೆಂಡತಿಯ ಮಹಡಿ. ಹದಿನಾರು ವರ್ಷದ ಮಗಳು ಎಲ್ಲಕ್ಕೂ ವಾದ ಹೂಡುತ್ತಿದ್ದುದರಿಂದ ಅವಳಿಗೆ ವಕೀಲೆ ಎಂದು ತಾತನೇ ಹೆಸರಿಟ್ಟಿದ್ದರು.

ಮಳೆಗಾಲ ಹಿಡಿಯುವ ಮೊದಲಿನ ಬಿರುಗಾಳಿಗೆ, ಮೂರು ಮನೆ ಆಚೆಯ ತಾರಸಿಯಿಂದ ಖಾಲಿ ನೀರಿನ ಟ್ಯಾಂಕು ಹಾರಿ ಬಂದು ಇವರ ಸಿಮೆಂಟ್ ಶೀಟಿನ ಮೇಲೆ ಬಿತ್ತು. ಮುಂದಿನ ಕೋಣೆಯ ಎರಡು ಶೀಟು ಒಡೆದವು, ಮೂರನೆಯದು ಬಿರುಕು ಬಿಟ್ಟಿತು. ಕೆಳಗೆ ಟೈಲರಮ್ಮನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅವಳು ಅಡುಗೆಮನೆಯಲ್ಲಿದ್ದುದರಿಂದ ತಲೆ ಉಳಿಯಿತು.

ಟ್ಯಾಂಕಿನ ಮನೆಯವನು ಬಂದು ಮೊದಲು ಟ್ಯಾಂಕಿಗೆ ಏಟಾಗಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದ. "ಗಾಳಿಗೆ ನಾನೇನು ಮಾಡ್ಲಿ?" ಅಂದ. ಟ್ಯಾಂಕು ಹೊತ್ತುಕೊಂಡು ಹೋದ.

ಎದುರುಮನೆಯ ಗಾರೆ ಮೇಸ್ತ್ರಿ ಏಣಿ ಹಾಕಿ ಹತ್ತಿ ನೋಡಿ ಇಳಿದ. "ಈ ಅಳತೆ ಶೀಟು ಈಗ ಬರ್ತಿಲ್ಲ ಟೈಲರಮ್ಮ. ಹಾಕಿದ್ರೆ ಪೂರ್ತಿ ಬದಲಾಯಿಸ್ಬೇಕು. ಮಳೆ ಮುಗೀಲಿ. ಈಗ ಕೈ ಇಟ್ರೆ ಇರೋದೂ ಪುಡಿ ಆಗುತ್ತೆ."

"ಅಲ್ಲೀವರೆಗೆ?"

"ಒಂದು ದೊಡ್ಡ ಟಾರ್ಪಾಲು ಎಳೆದು ಕಟ್ಟಿ. ಅಷ್ಟೇ."

ಟೈಲರಮ್ಮನಿಗೆ ಆ ವರ್ಷ ಮಳೆ ಮುಗಿಯುವ ತನಕ ಕಾಯುವ ಸ್ಥಿತಿ ಇರಲಿಲ್ಲ. ಹನ್ನೆರಡು ವರ್ಷ ಅವಳು ಸಮವಸ್ತ್ರದ ಅಂಗಡಿಯವನ ಕೈಕೆಳಗೆ ಹೊಲಿದಿದ್ದಳು. ಅವನು ಕೊಟ್ಟಷ್ಟು ತೆಗೆದುಕೊಳ್ಳುವುದು, ಬೈದಷ್ಟು ಬೈಸಿಕೊಳ್ಳುವುದು. ಈ ಸಲ ಶಾಲೆಯ ದೊಡ್ಡ ಟೀಚರು ಅಂಗಡಿಯವನನ್ನು ಬಿಟ್ಟು ನೇರವಾಗಿ ಅವಳಿಗೇ ನೂರಿಪ್ಪತ್ತು ಜೊತೆ ಕೊಟ್ಟಿದ್ದರು: ಬಿಳಿ ಅಂಗಿ, ಕಡುನೀಲಿ ಲಂಗ. ಶಾಲೆ ತೆರೆಯಲು ಐದು ವಾರ. ಸರಿಯಾಗಿ ಮುಟ್ಟಿಸಿದರೆ ಪ್ರತಿ ವರ್ಷ ಅವಳಿಗೇ. ಇಲ್ಲದಿದ್ದರೆ ಮತ್ತೆ ಅಂಗಡಿಯವನ ಮೆಟ್ಟಿಲು ಹತ್ತಬೇಕು, ಅವನು ಹಲ್ಲು ಬಿಡುವುದನ್ನು ನೋಡಬೇಕು.

ಮೇಜನ್ನು ಕೋಣೆಯೊಳಗೇ ಮಾಡಿಸಿದ್ದು; ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮಾವನ ಮಂಚ, ಮಾವನ ಟ್ರಂಕು, ಮಾವನ ಕುರ್ಚಿ. ಹೊಲಿದು ಮುಗಿದ ಬಟ್ಟೆಯ ಗಂಟುಗಳನ್ನು ಅಲ್ಲಿನ ಬೀರುವಿನ ಮೇಲಿಡಲು ಅವರು ಒಪ್ಪಿದ್ದೇ ದೊಡ್ಡ ಉಪಕಾರ ಎಂಬಂತೆ ಮೂರು ದಿನ ಓಡಾಡಿದರು.

ಲಿಫ್ಟಿನವನು ಮಾರನೆಯ ಸಂಜೆ ಬರುವಾಗ ನೀಲಿ ಬಣ್ಣದ ಹೊಸ ಪ್ಲಾಸ್ಟಿಕ್ ಹಾಳೆ ತಂದ. ಮನೆಯ ಉದ್ದಗಲಕ್ಕೆ ಒಂದೇ ತುಂಡು.

"ಏನೋ ಇದು?" ಮಾವ ಎರಡು ಬೆರಳಲ್ಲಿ ಅದರ ಅಂಚು ಹಿಡಿದೆತ್ತಿದರು, ಸತ್ತ ಇಲಿಯ ಬಾಲ ಹಿಡಿದ ಹಾಗೆ. "ತರಕಾರಿ ಚೀಲಾನ ಬಿಚ್ಚಿಸಿಕೊಂಡು ಬಂದ್ಯಾ?"

"ಇಲ್ಲಪ್ಪ, ಅಂಗಡಿಯವ್ರು ಗಟ್ಟಿ ಅಂದ್ರು..."

"ಅವನು ಮಾರೋನು, ಅಂದೇ ಅಂತಾನೆ. ಮನೇಲಿ ಲಾರಿ ಟಾರ್ಪಾಲು ಎರಡಿದೆ. ಅಪ್ಪ ಬದುಕಿದ್ದಾನೆ. ನೀನು ಹೋಗಿ ಪ್ಲಾಸ್ಟಿಕ್ಕು ತರ್ತೀಯ."

"ತಾತ, ಅದು ಎರಡು ತುಂಡು. ಇದು ಒಂದೇ," ಅಂದಳು ವಕೀಲೆ.

"ನಿನ್ನನ್ನ ಕೇಳಿದ್ನಾ?"

ಟೈಲರಮ್ಮ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡಿದ. ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಹಾಳೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋಗಿ ಅಂಗಡಿಗೆ ವಾಪಸು ಕೊಟ್ಟ.

ಮಾವನ ಎರಡು ಟಾರ್ಪಾಲು ಅಟ್ಟದಿಂದ ಇಳಿದವು. ಕೆಲಸ ಬಿಟ್ಟ ದಿನ ಲಾರಿಯ ಮಾಲೀಕ ಮೂವತ್ತನಾಲ್ಕು ವರ್ಷಕ್ಕೆ ಪ್ರತಿಯಾಗಿ ಕೊಟ್ಟ ಉಡುಗೊರೆ ಅದು. ಮೇಣ ಹಚ್ಚಿದ ದಪ್ಪ ಬಟ್ಟೆ. ಹಳತಾದರೂ ಒಂದು ತೂತಿರಲಿಲ್ಲ, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಭಾನುವಾರ ಮಾವ ತಾವೇ ಏಣಿ ಹತ್ತಿದರು. ಶೀಟಿನ ಮೇಲೆ ಹಲಗೆ ಹಾಸಿಸಿ, ಮಗನನ್ನು ಆ ತುದಿ ಈ ತುದಿ ಓಡಿಸಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹಗ್ಗ ಬಿಗಿದ ರೀತಿಯನ್ನು ಬೀದಿಯ ನಾಲ್ಕು ಜನ ನಿಂತು ನೋಡಿದರು.

"ಹಿಂದಿನದನ್ನ ಮೊದಲು ಹಾಸು. ಆಮೇಲೆ ಮುಂದಿನದು. ಮುಂದಿನದು ಮೇಲೆ ಬರಬೇಕು, ಹಿಂದಿನದು ಕೆಳಗೆ. ಗಾಳಿ ಮುಂದಿನಿಂದ ಬಂದ್ರೆ ಜಾರಿಕೊಂಡು ಹೋಗುತ್ತೆ, ಸಂದೀಲಿ ನುಗ್ಗಲ್ಲ. ತಿಳೀತಾ?"

"ತಿಳೀತಪ್ಪ."

ಲಾರಿಗೆ ಅದು ಸರಿ. ಆದರೆ ಆ ಮನೆಯ ಮಾಡು ಹಿಂದೆ ಎತ್ತರ, ಬೀದಿಯ ಕಡೆಗೆ ಇಳಿಜಾರು. ಹಿಂದಿನ ಟಾರ್ಪಾಲಿನ ಮೇಲೆ ಬಿದ್ದ ನೀರು ಇಳಿದು ಬಂದು, ಮುಂದಿನ ಟಾರ್ಪಾಲಿನ ಮೇಲೆ ಹೋಗುವ ಬದಲು ಅದರ ಅಡಿಗೆ ನುಗ್ಗಬೇಕು. ಎರಡೂ ಕೂಡುವ ಜಾಗ ಸರಿಯಾಗಿ ಒಡೆದ ಶೀಟುಗಳ ಮೇಲೇ ಇತ್ತು.

ಮೇಸ್ತ್ರಿ ಹಲ್ಲುಜ್ಜುತ್ತಾ ಎದುರು ಜಗಲಿಯಲ್ಲಿ ನಿಂತಿದ್ದ. ನೊರೆ ಉಗಿದು ಕೇಳಿದ: "ಯಜಮಾನ್ರೇ, ಮನೆ ಎಲ್ಲಿಗಾದ್ರೂ ಹೊರಟಿದ್ಯಾ?"

"ಏನು?"

"ಇಲ್ಲ, ಲಾರಿ ಥರ ಕಟ್ಟಿದ್ದೀರಲ್ಲ. ಗಂಟೆಗೆ ಎಷ್ಟು ಮೈಲಿ ಓಡಿಸ್ತೀರ ಅಂತ ಕೇಳ್ದೆ."

ನಾಲ್ಕು ಜನ ನಕ್ಕರು. ಮಾವ ಮೇಲಿನಿಂದಲೇ, "ಲೋ, ನೀನು ಕಟ್ಟಿದ ಗೋಡೆ ಹೋದ ವರ್ಷ ಬಿತ್ತಲ್ಲ, ಅದು ಎಲ್ಲಿಗೆ ಹೊರಟಿತ್ತು?" ಅಂದರು. ಆಗ ಇನ್ನೂ ಜೋರಾಗಿ ನಕ್ಕರು. ಮಾವ ಗೆದ್ದವರಂತೆ ಇಳಿದರು. ಟೈಲರಮ್ಮ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಬಟ್ಟೆಯನ್ನು ಒಂದರ ಮೇಲೊಂದು ಇಟ್ಟು ಹೊಲಿದೇ ಬದುಕಿದವಳಿಗೆ ಮಡಿಕೆ ಯಾವ ಕಡೆಗೆ ಬರಬೇಕೆಂದು ಮೇಸ್ತ್ರಿ ಹೇಳಬೇಕಾಗಿರಲಿಲ್ಲ. ಒಳಗೆ ಹೋಗಿ ಮೊಟ್ಟೆ ಬೇಯಲು ಇಟ್ಟಳು.

ಮೊದಲ ಮಳೆ ಬುಧವಾರ ಸಂಜೆ ಬಂತು. ಸಣ್ಣ ಮಳೆಯೇ. ಹತ್ತು ನಿಮಿಷಕ್ಕೆ ಮೇಜಿನ ನಡುವೆ ತೊಟ್ಟಿಕ್ಕತೊಡಗಿತು. ಟೈಲರಮ್ಮ ಬಟ್ಟೆ ಬಾಚಿಕೊಂಡು ಓಡಿದಳು, ವಕೀಲೆ ಬೋಗುಣಿ ತಂದಿಟ್ಟಳು. ಊಟಕ್ಕೆ ಕುಳಿತಾಗ ಬೋಗುಣಿ ಟಣ್ ಟಣ್ ಅನ್ನುತ್ತಲೇ ಇತ್ತು.

"ಎಲ್ಲಿಂದ ಬರ್ತಿದೆ?" ಮಾವ ಅನ್ನ ಕಲಸುತ್ತಾ ಕೇಳಿದರು. "ಗೋಡೆ ಬದಿಯಿಂದ ಇರ್ಬೇಕು. ಗೋಡೆ ಕಟ್ಟಿದವರು ಸರಿಯಿಲ್ಲ."

ವಕೀಲೆ ಎದ್ದು ಎರಡು ತಟ್ಟೆ ತಂದಳು. ಒಂದರ ಅಂಚನ್ನು ಇನ್ನೊಂದರ ಅಡಿಗೆ ಸೇರಿಸಿ ಓರೆಯಾಗಿ ಹಿಡಿದಳು. "ತಾತ, ನೋಡಿ. ಎತ್ತರದ ಕಡೆ ಇರೋ ತಟ್ಟೆ ಹಿಂದಿನ ಟಾರ್ಪಾಲು. ಇಳಿಜಾರಿನ ಕಡೆ ಇರೋದು ಮುಂದಿನದು. ಈಗ ನೀರು ಹಾಕ್ತೀನಿ."

ಲೋಟದ ನೀರು ಮೇಲಿನ ತಟ್ಟೆಯಿಂದ ಇಳಿದು, ಕೆಳಗಿನ ತಟ್ಟೆಯ ಅಡಿಯಿಂದ ಸೋರಿ, ನೇರವಾಗಿ ತಾತನ ಅನ್ನಕ್ಕೆ ಬಿತ್ತು.

"ಲೇ! ಊಟದ ಮೇಲೆ ನೀರು ಸುರೀತೀಯಾ?"

"ನಾನಲ್ಲ ತಾತ, ಮಳೆ."

ಲಿಫ್ಟಿನವನಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ. ಮಾವನ ಮುಖ ಕೆಂಪಾಯಿತು.

"ಮೂವತ್ತನಾಲ್ಕು ವರ್ಷ. ಸಕ್ಕರೆ ಹೊತ್ತಿದ್ದೀನಿ, ಸಿಮೆಂಟು ಹೊತ್ತಿದ್ದೀನಿ, ಕಾಗದ ಹೊತ್ತಿದ್ದೀನಿ. ಒಂದು ಚೀಲ ನೆಂದಿಲ್ಲ. ಈಗ ಇವಳು ತಟ್ಟೇಲಿ ಪಾಠ ಹೇಳ್ತಾಳೆ." ಸೊಸೆಯ ಕಡೆಗೆ ತಿರುಗಿದರು. "ನೀನೇ ಹೇಳಮ್ಮ. ನೀನು ಕೆಲಸ ಬಲ್ಲವಳು. ನಾನು ಕಟ್ಟಿದ್ದು ತಪ್ಪಾ?"

ಮೂರೂ ಜನ ಅವಳನ್ನು ನೋಡಿದರು.

"ಬೇರೆ ಅನ್ನ ಹಾಕ್ತೀನಿ ಮಾವ, ಅದು ನೀರಾಯ್ತು," ಅಂದಳು ಟೈಲರಮ್ಮ. ಮಗಳಿಗೆ, "ತಟ್ಟೆ ತೊಳೆದಿಡು. ದೊಡ್ಡವರ ಊಟದಲ್ಲಿ ಆಟ ಆಡ್ತಾರಾ?" ಅಂದಳು.

ಪಾತ್ರೆ ತೊಳೆಯುವಾಗ ವಕೀಲೆ ಅಮ್ಮನ ಮುಖ ನೋಡದೆ ಮಾತಾಡಿದಳು.

"ಈ ಮನೇಲಿ ಎಲ್ಲರೂ ನಾಟಕ ಕಂಪನಿ ಸೇರ್ಬೇಕಿತ್ತು."

"ಬಾಯಿ ಮುಚ್ಚಿ ತೊಳಿ."

"ಅಜ್ಜಿ ತಾತನ್ನ ಎಳೆ ಮಗು ಅಂದ್ಕೊಂಡಿದ್ರು. ನೀನೂ ಹಂಗೇ ನೋಡ್ಕೊಳ್ತೀಯ. ನಾನು ಮುಖಕ್ಕೇ ಹೇಳ್ತೀನಿ. ಅವರನ್ನ ದೊಡ್ಡವರು ಅಂದ್ಕೊಂಡಿರೋದು ಈ ಮನೇಲಿ ನಾನೊಬ್ಬಳೇ."

"ನಾನು ಮಾತು ಕೊಟ್ಟಿದ್ದೀನಿ ಕಣೇ."

"ಬೋಗುಣಿಗೆ ಹೇಳು ಅದನ್ನ. ತುಂಬಿದೆ, ಚೆಲ್ಲಿ ಬಾ."

ಮುಂದಿನ ಹತ್ತು ದಿನ ಮಳೆ ಬಂದಾಗಲೆಲ್ಲ ಟೈಲರಮ್ಮ ಬಟ್ಟೆ ಎತ್ತಿಕೊಂಡು ಓಡಿದಳು. ಕತ್ತರಿ ಕೆಳಗಿಟ್ಟು ಓಡುವುದು, ಒರೆಸುವುದು, ಮೇಜು ಒಣಗುವವರೆಗೆ ಅಡುಗೆಮನೆಯ ನೆಲದಲ್ಲಿ ಕುಳಿತು ಕೈಯಲ್ಲೇ ಗುಂಡಿ ಹಾಕುವುದು. ದಿನಕ್ಕೆ ಆರು ಜೊತೆ ಮುಗಿಯಬೇಕಾದಲ್ಲಿ ಮೂರು ಮುಗಿಯುತ್ತಿದ್ದವು. ಮಾವ ಮಾತ್ರ ಪ್ರತಿದಿನ ಬೆಳಿಗ್ಗೆ ಟೀ ಕುಡಿದು ಕುರ್ಚಿಯನ್ನು ಬೀದಿಗೆ ಹಾಕಿಕೊಂಡು, ಟಾರ್ಪಾಲಿನ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಹೋಗಿ ಬರುವವರಿಗೆಲ್ಲ ಲಾರಿ ಗಂಟಿನ ವಿವರಣೆ. ಒಳಗೆ ತೊಟ್ಟಿಕ್ಕುವ ಜಾಗವನ್ನು ಅವರು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ನೋಡಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ.

ಮೂರನೆಯ ವಾರ ಅವರಿಗೆ ಕಣ್ಣಾಸ್ಪತ್ರೆಯಲ್ಲಿ ಸರದಿ ಬಂತು. ಲಿಫ್ಟಿನವನಿಗೂ ಅಂದೇ ರಜೆ. ಮಾವ ಬಸ್ಸು ಹತ್ತಿದ್ದನ್ನು ವಕೀಲೆ ತಿರುವಿನಲ್ಲಿ ನಿಂತು ಖಾತ್ರಿ ಮಾಡಿಕೊಂಡು ಓಡಿ ಬಂದಳು.

"ರೀ, ಹತ್ತಿ," ಅಂದಳು ಟೈಲರಮ್ಮ.

"ಅಪ್ಪನಿಗೆ ಗೊತ್ತಾದ್ರೆ?"

"ನಿಮ್ಮಮ್ಮ ನಲವತ್ತು ವರ್ಷ ಗೊತ್ತಾಗದ ಹಾಗೆ ಮಾಡಿದ್ರು. ನಾವು ಒಂದು ದಿನ ಮಾಡಕ್ಕಾಗಲ್ವಾ?"

"ನೀನೇ ಹೇಳ್ಬಿಡು ಅವರಿಗೆ, ಇದೆಲ್ಲ ಯಾಕೆ."

"ನೀವು ಹೇಳಿ."

"ನಾನಾ?" ಅವನು ಏಣಿ ಹಿಡಿದ. "ಹತ್ತಿದೆ ತಾಳು."

ಗಂಟು ಬಿಚ್ಚಲು ಎರಡು ಗಂಟೆ ಹಿಡಿಯಿತು. ಬೈಯಲು ಬಾರದಷ್ಟು ಚೆನ್ನಾಗಿ ಕಟ್ಟಿದ್ದರು. ಹಿಂದಿನ ಟಾರ್ಪಾಲಿನ ಅಂಚನ್ನು ಎತ್ತಿ, ಮುಂದಿನದನ್ನು ಅದರ ಅಡಿಗೆ ತಳ್ಳಿ, ಮತ್ತೆ ಹಗ್ಗ ಎಳೆದು ಕಟ್ಟಿದರು. ಮೇಸ್ತ್ರಿ ಎದುರಿನಿಂದ ನೋಡಿದ, ಏನೂ ಅನ್ನಲಿಲ್ಲ. ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದಳು. ಮಧ್ಯಾಹ್ನ ಮಳೆ ಹೊಡೆಯಿತು. ಮೂವರೂ ಬೋಗುಣಿಯ ಸುತ್ತ ನಿಂತರು. ಒಂದು ಹನಿ ಬೀಳಲಿಲ್ಲ. ಆ ಮಧ್ಯಾಹ್ನ ಟೈಲರಮ್ಮ ನಾಲ್ಕು ಲಂಗ ಹೊಲಿದಳು, ಆಲೂಗಡ್ಡೆ ಹುರಿದಳು, ಗಂಡನಿಗೆ ಎರಡನೆಯ ಸಲ ಕೇಳದೆಯೇ ಬಡಿಸಿದಳು.

ಮಾವ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕತ್ತಲಾಗುವ ಹೊತ್ತಿಗೆ ಬಂದರು. ಅಂದು ಏನೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಕಂಡಿತು. ಟೈಲರಮ್ಮ ಹಾಲು ತರಲು ಹೋಗಿದ್ದಳು, ಗಂಡ ಕೆಲಸಕ್ಕೆ ಹೋಗಿದ್ದ, ಮಗಳು ಸ್ನಾನಕ್ಕೆ ಹೋಗಿದ್ದಳು. ಟೈಲರಮ್ಮ ಹಾಲು ತೆಗೆದುಕೊಂಡು ಬಂದು, ಒಲೆ ಹಚ್ಚಿ, ಟೀ ಸೋಸಿ ಹೊರಗೆ ಬರುವಷ್ಟರಲ್ಲಿ ಮಾವ ಏಣಿಯಿಂದ ಇಳಿಯುತ್ತಿದ್ದರು. ಮಗ ಕಟ್ಟಿದ್ದ ಗಂಟು ಬಿಚ್ಚಲು ಅವರಿಗೆ ಹೊತ್ತು ಹಿಡಿದಿರಲಿಲ್ಲ.

"ನೋಡಮ್ಮ, ನಿನ್ನೆ ಎಂಥಾ ಗಾಳಿ ಬಂದಿರ್ಬೇಕು! ಹಿಂದಿನದನ್ನ ಎತ್ತಿ ಮುಂದಿನದರ ಮೇಲೆ ಹಾಕಿಬಿಟ್ಟಿದೆ. ನಾನು ನೋಡಿದ್ದಕ್ಕೆ ಸರಿಹೋಯ್ತು. ಮೊದಲಿದ್ದ ಹಾಗೇ ಮಾಡಿದೆ."

"ಗಾಳಿ ಗಂಟು ಬಿಚ್ಚಿ, ಮತ್ತೆ ಕಟ್ಟಿ ಹೋಗಿತ್ತಾ ತಾತ?" ಬಚ್ಚಲಿನಿಂದ ಕೂದಲು ಒರೆಸುತ್ತಾ ಬಂದ ವಕೀಲೆ ಕೇಳಿದಳು.

"ಗಾಳಿ ಏನು ಬೇಕಾದ್ರೂ ಮಾಡುತ್ತೆ. ನೀನು ರಸ್ತೆ ಕಂಡಿಲ್ಲ."

ವಕೀಲೆ ಅಮ್ಮನನ್ನು ನೋಡಿದಳು. ಅಮ್ಮ ಟೀ ಲೋಟ ಮುಂದೆ ಹಿಡಿದಳು. "ಸಕ್ಕರೆ ಸಾಕಾ ನೋಡಿ ಮಾವ."

"ಥೂ," ಅಂದಳು ವಕೀಲೆ. ಯಾರಿಗೆ ಅಂದಳೆಂದು ಮಾವ ಕೇಳಲಿಲ್ಲ. ತಮಗಿರಲಾರದು ಎಂದುಕೊಂಡರು.

ಶಾಲೆ ತೆರೆಯಲು ಒಂದು ವಾರ ಇತ್ತು. ತೊಂಬತ್ನಾಲ್ಕು ಜೊತೆ ಮುಗಿದು ಮಾವನ ಬೀರುವಿನ ಮೇಲೆ ಕೂತಿದ್ದವು. ಉಳಿದ ಇಪ್ಪತ್ತಾರನ್ನು ಟೈಲರಮ್ಮ ಒಟ್ಟಿಗೆ ಕತ್ತರಿಸಿ ಮೇಜಿನ ಮೇಲೆ ಜೋಡಿಸಿದ್ದಳು: ಒಂದು ಕಡೆ ನೀಲಿ, ಇನ್ನೊಂದು ಕಡೆ ಬಿಳಿ. ಗುಂಡಿ ತೀರಿಹೋಗಿತ್ತು. ಬಿಸಿಲು ಹೊಡೆಯುತ್ತಿತ್ತು. ಕಿಟಕಿ ಮುಚ್ಚಿ ಚಿಲಕ ಹಾಕಿದಳು, ಬೀದಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದ ಮಾವನ ಹತ್ತಿರ ಬಂದಳು.

"ಮಾವ, ಪೇಟೆಗೆ ಹೋಗಿ ಗುಂಡಿ ತರ್ತೀನಿ. ಅಕಸ್ಮಾತ್ ಮಳೆ ಬಂದ್ರೆ ಮೇಜಿನ ಮೇಲಿರೋ ಬಟ್ಟೆ ಎತ್ತಿ ನಿಮ್ಮ ಮಂಚದ ಮೇಲೆ ಹಾಕಿಬಿಡಿ."

"ಹೋಗಿ ಬಾರಮ್ಮ. ನಾನಿಲ್ಲೇ ಇದ್ದೀನಲ್ಲ."

ಮಳೆ ಬಂದಾಗ ಅವಳು ಗುಂಡಿಯ ಅಂಗಡಿಯಲ್ಲಿದ್ದಳು. ಅಂಗಡಿಯ ಮುಂದಿನ ರಸ್ತೆ ಕಾಣದಂತೆ ಸುರಿಯಿತು. ಮುಕ್ಕಾಲು ಗಂಟೆ ಕಾದು, ಆಟೊ ಹಿಡಿದು ಬಂದಳು. ಮಾವ ಕೊಡೆ ಬಿಚ್ಚಿಕೊಂಡು ಅದೇ ಕುರ್ಚಿಯಲ್ಲಿ, ಮೊಣಕಾಲವರೆಗೆ ಒದ್ದೆಯಾಗಿ, ಟಾರ್ಪಾಲನ್ನೇ ನೋಡುತ್ತಾ ಕುಳಿತಿದ್ದರು.

"ನೋಡಿದ್ಯಾ! ಇಷ್ಟು ಮಳೆ, ಒಂದು ಮೂಲೆ ಅಲ್ಲಾಡಿಲ್ಲ!"

"ಬಟ್ಟೆ ಎತ್ತಿದ್ರಾ ಮಾವ?"

"ಯಾಕೆ ಎತ್ತಬೇಕು? ಒಂದು ಹನಿ ಒಳಗೆ ಹೋಗಿರಲ್ಲ. ನಾನೇ ಕೂತು ಕಾದಿದ್ದೀನಿ."

ಒಳಗೆ ಮೇಜಿನ ತುಂಬ ನೀರು ಹರಡಿತ್ತು. ನೀಲಿ ಬಣ್ಣ ಬಿಟ್ಟು ಬಿಳಿಯ ಅಂಗಿಗಳಿಗೆಲ್ಲ ಹತ್ತಿತ್ತು, ಶಾಯಿ ಚೆಲ್ಲಿದ ಹಾಗೆ. ಟೈಲರಮ್ಮ ಬಿಳಿಯ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಸೋಪು ಹಾಕಿ, ನಿಂಬೆಹಣ್ಣು ಹಾಕಿ, ಕತ್ತಲಾಗುವವರೆಗೆ ಉಜ್ಜಿದಳು. ಕಾಲೇಜಿನಿಂದ ಬಂದ ಮಗಳು ಚೀಲ ಎಸೆದು ಪಕ್ಕದಲ್ಲಿ ಕುಳಿತು ಉಜ್ಜಿದಳು. ಕೆಲಸದಿಂದ ಬಂದ ಗಂಡ ಬಾಗಿಲಲ್ಲಿ ನಿಂತು, "ಅಯ್ಯೋ" ಅಂದ. ಅದು ಅವನ ಆ ವಾರದ ಅಭಿಪ್ರಾಯ.

ಊಟಕ್ಕೆ ಬ್ರೆಡ್ಡು, ಹಾಲು. "ಅಡುಗೆ ಮಾಡಿಲ್ವಾ?" ಎಂದು ಮಾವ ಕೇಳಿದರು. ಎರಡು ತುಂಡು ತಿಂದು, "ಗಟ್ಟಿಯಾಗಿದೆ" ಎಂದು ಮಲಗಲು ಹೋದರು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡ ಟೀಚರು ಬಂದರು. ಬರುತ್ತೇನೆಂದು ತಿಳಿಸಿರಲಿಲ್ಲ, ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದದ್ದು. ಜಗಲಿಯ ಹಗ್ಗದ ಮೇಲೆ ಇಪ್ಪತ್ತಾರು ಅಂಗಿಗಳ ತುಂಡುಗಳು ಆಕಾಶದ ಬಣ್ಣದಲ್ಲಿ ತೂಗುತ್ತಿದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಒಂದನ್ನು ಮುಟ್ಟಿ ನೋಡಿದರು.

"ಇದು ನಮ್ಮದಾ?"

ಮಾವ ಕುರ್ಚಿಯಿಂದ ಎದ್ದು ಕೈ ಮುಗಿದರು. ಮನೆಗೆ ಬಂದ ದೊಡ್ಡವರ ಜೊತೆ ಮಾತಾಡುವ ಕೆಲಸ ತಮ್ಮದೆಂದು ಅವರು ಯಾವತ್ತೂ ಬೇರೆಯವರಿಗೆ ಬಿಟ್ಟವರಲ್ಲ. "ಬನ್ನಿ ಟೀಚರೇ, ಕೂತ್ಕೊಳ್ಳಿ. ನಿನ್ನೆ ಒಂದು ಸಣ್ಣ ಅಚಾತುರ್ಯ ಆಯ್ತು. ಹೆಣ್ಣುಮಕ್ಕಳು, ನೂರು ಕೆಲಸ ಇರುತ್ತೆ. ಕಿಟಕಿ ತೆರೆದಿಟ್ಟು ಪೇಟೆಗೆ ಹೋಗಿದ್ಲು. ಇರಚಲು ಹೊಡೀತು."

"ಕಿಟಕಿ ತೆರೆದಿಟ್ಟು?" ಟೀಚರು ಟೈಲರಮ್ಮನ ಕಡೆಗೆ ತಿರುಗಿದರು. "ಶಾಲೆ ಬಟ್ಟೆ ಮೇಜಿನ ಮೇಲೆ ಹರಡಿ, ಕಿಟಕಿ ತೆರೆದಿಟ್ಟು ಹೋದ್ರಾ? ಅಂಗಡಿಯವನು ಹೇಳಿದ್ದ ನನಗೆ. ಇವರಿಗೆ ಜವಾಬ್ದಾರಿ ಇಲ್ಲ, ನನ್ನ ಕೈಕೆಳಗೆ ಇದ್ರೆ ಮಾತ್ರ ಕೆಲಸ ಆಗುತ್ತೆ ಅಂತ. ನಾನು ನಂಬಲಿಲ್ಲ."

"ಛೇ, ಹಾಗೆಲ್ಲ ಇಲ್ಲ ಟೀಚರೇ, ಒಳ್ಳೆ ಕೆಲಸಗಾತಿ," ಅಂದರು ಮಾವ ಉದಾರವಾಗಿ. "ಮೇಲಿನಿಂದ ಒಂದು ಹನಿ ಬರೋ ಹಾಗಿಲ್ಲ, ಟಾರ್ಪಾಲು ನಾನೇ ಕಟ್ಟಿದ್ದೀನಿ. ಕಿಟಕಿ ಒಂದು ಮರೆತ್ಲು, ಅಷ್ಟೇ. ಅಲ್ವೇನಮ್ಮ?"

ಜಗಲಿಯ ತುದಿಯಲ್ಲಿ ಕಾಲೇಜಿಗೆ ಹೊರಟು ನಿಂತಿದ್ದ ವಕೀಲೆ ಚಪ್ಪಲಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಎದುರುಮನೆಯ ಮೇಸ್ತ್ರಿ ಮರಳು ಜರಡಿ ಹಿಡಿಯುತ್ತಿದ್ದವನು ಕೈ ನಿಲ್ಲಿಸಿದ.

ಟೈಲರಮ್ಮ ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆದು ಸುತ್ತಿದಳು.

"ಕಿಟಕಿ ಮುಚ್ಚಿತ್ತು ಟೀಚರೇ. ನಾನೇ ಚಿಲಕ ಹಾಕಿದ್ದೆ. ನೀರು ಮೇಲಿನಿಂದ ಬಂತು. ಮಾವ ಟಾರ್ಪಾಲು ಹಾಕಿರೋದು ತಪ್ಪು."

"ಏನಂದೆ?" ಅಂದರು ಮಾವ.

"ತಪ್ಪು ಅಂದೆ. ಹಿಂದಿನದು ಮೇಲೆ ಬರಬೇಕು, ಮುಂದಿನದು ಕೆಳಗೆ. ನೀವು ತಿರುಗಿಸಿ ಹಾಕಿದ್ದೀರಿ. ಮೊದಲ ದಿನದಿಂದಲೂ ಸೋರ್ತಾ ಇದೆ."

"ಗಾಳಿಗೆ..."

"ಗಾಳಿ ಅಲ್ಲ ಮಾವ. ನೀವು ಕಣ್ಣಾಸ್ಪತ್ರೆಗೆ ಹೋದಾಗ ನಾವು ಮೂರು ಜನ ಹತ್ತಿ ಸರಿ ಮಾಡಿದ್ವಿ. ಮಾರನೇ ದಿನ ನೀವು ಮತ್ತೆ ಕೆಡಿಸಿದ್ರಿ."

ಮಾವ ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಜರಡಿಯೊಳಗೆ ನೋಡಿದ. ಮೊಮ್ಮಗಳ ಕಡೆ ನೋಡಿದರು. ಅವಳು ನೇರವಾಗಿ ಅವರನ್ನೇ ನೋಡುತ್ತಿದ್ದಳು.

"ನಿಮ್ಮತ್ತೆ ಇದ್ದಿದ್ರೆ ನನಗೆ ಈ ಮಾತು ಕೇಳೋ ಹಾಗೆ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ," ಅಂದಳು ಟೈಲರಮ್ಮ. "ಅವರಿದ್ದಿದ್ರೆ ಈ ಬಟ್ಟೆಯನ್ನೂ ಯಾರಿಗೂ ಕಾಣದ ಹಾಗೆ ಎಲ್ಲಾದ್ರೂ ಬಿಸಾಡಿ ಬರ್ತಿದ್ರು. ನಿಮ್ಮ ಎಷ್ಟು ಕೆಲಸಾನ ಅವರು ನಿಮ್ಮ ಬೆನ್ನ ಹಿಂದೆ ಮತ್ತೆ ಮಾಡಿದ್ದಾರೆ ಅಂತ ನಿಮಗೆ ಗೊತ್ತಿಲ್ಲ."

ಟೀಚರು ಕೈಗಡಿಯಾರ ನೋಡಿದರು. "ನಿಮ್ಮ ಮನೆ ಟಾರ್ಪಾಲಿನ ವಿಚಾರ ನನಗೆ ಬೇಡ. ಕಿಟಕಿ ಮುಚ್ಚಿತ್ತು ತಾನೇ?"

"ಮುಚ್ಚಿತ್ತು."

"ಇಪ್ಪತ್ತಾರು ಯಾವಾಗ?"

"ಬಟ್ಟೆ ನಾನೇ ತಂದು ಹಾಕ್ತೀನಿ. ಸೋಮವಾರ."

"ಸೋಮವಾರ ಅಂದ್ರೆ ಸೋಮವಾರ. ಮಂಗಳವಾರ ತಂದ್ರೆ ಗೇಟಿನಲ್ಲೇ ವಾಪಸು." ಅವರು ನೀರು ಬೇಡ, ಟೀ ಬೇಡ ಎಂದು ಮೆಟ್ಟಿಲಿಳಿದು ಹೋದರು.

ಟೈಲರಮ್ಮ ಏಣಿ ಎಳೆದು ಗೋಡೆಗೆ ಒರಗಿಸಿ ಹತ್ತಿದಳು. ವಕೀಲೆ ಕಾಲೇಜಿಗೆ ಹೋಗಲಿಲ್ಲ, ಏಣಿ ಹಿಡಿದಳು. ಮೇಸ್ತ್ರಿ ಕೇಳದೆಯೇ ಬಂದು ಇನ್ನೊಂದು ತುದಿಯ ಹಗ್ಗ ಎಳೆದ. ಬಾಯಿ ಬಿಡಲಿಲ್ಲ, ಅದೇ ಅವನ ದೊಡ್ಡತನ. ಮಾವ ಕುರ್ಚಿಯನ್ನು ಎತ್ತಿ, ಮನೆಗೆ ಬೆನ್ನು ಬರುವಂತೆ ತಿರುಗಿಸಿ ಹಾಕಿಕೊಂಡು ಕುಳಿತರು. ಮಧ್ಯಾಹ್ನ ಊಟಕ್ಕೆ ಕರೆದಾಗ, "ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ" ಎಂದು ಮೊಮ್ಮಗಳಿಗೆ ಅಂದರು. ಅರ್ಧ ಗಂಟೆ ಬಿಟ್ಟು ತಾವಾಗಿಯೇ ಬಂದು ತಿಂದರು. "ನಿಮ್ಮಮ್ಮನಿಗೆ ಹೇಳು, ಉಪ್ಪು ಕಡಿಮೆ."

"ಉಪ್ಪು ಕಡಿಮೆ ಅಂತೆ ಅಮ್ಮ."

"ಡಬ್ಬಿ ಎದುರಿಗೇ ಇದೆ, ಹಾಕ್ಕೊಳ್ಳಕ್ಕೆ ಹೇಳು."

ಹಾಕಿಕೊಂಡರು. ಹೆಚ್ಚಾಯಿತು. ಯಾರೂ ತಟ್ಟೆ ಬದಲಿಸಲಿಲ್ಲ. ಮಾವ ಪೂರ್ತಿ ತಿಂದು ಎದ್ದರು.

ಶನಿವಾರ, ಭಾನುವಾರ ಎರಡು ದಿನವೂ ಮಳೆ ಸುರಿಯಿತು. ಬೋಗುಣಿ ಅಡುಗೆಮನೆಗೆ ವಾಪಸು ಹೋಗಿತ್ತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಗಂಡ ಹೆಂಡತಿ ಇಬ್ಬರೂ ಗಂಟುಗಳನ್ನು ಆಟೊದಲ್ಲಿ ಹೇರಿಕೊಂಡು ಹೋಗಿ ನೂರಿಪ್ಪತ್ತು ಜೊತೆಯನ್ನೂ ಎಣಿಸಿ ಕೊಟ್ಟರು. ದೊಡ್ಡ ಟೀಚರು ಒಂದು ಕಾಲರು ಮಡಿಸಿ ನೋಡಿ, "ಮುಂದಿನ ವರ್ಷ ಬೇಗ ಶುರು ಮಾಡಿ" ಅಂದರು.

ಅತ್ತೆಗೆ ಕೊಟ್ಟಿದ್ದ ಮಾತನ್ನು ಟೈಲರಮ್ಮ ಒಂಬತ್ತು ವರ್ಷ ಉಳಿಸಿಕೊಂಡಳು. ಆಮೇಲೆ ಮುರಿದಳು.